ಹೆಡ್‌ಲೈಟ್ ಬಲ್ಬಿಗೆ ಎಷ್ಟು ಕೆಲ್ವಿನ್ ಬೇಕು?

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಅಂದಿನಿಂದ ನೆದರ್ಲೆಂಡ್ಸ್‌ನ ವೂರ್‌ಬರ್ಗಿನಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಡಿಸೆಂಬರ್ ಹೊತ್ತಿಗೆ ನಾಲ್ಕೂವರೆಗೇ ಸೂರ್ಯಾಸ್ತ. ಬೆಳಗ್ಗೆ ಎಂಟೂಮುಕ್ಕಾಲಾದರೂ ಸೂರ್ಯನ ಸುಳಿವಿಲ್ಲ. ಹೇಗ್ ನಗರಕ್ಕೆ ಅಂಟಿಕೊಂಡಿರುವ ಈ ಊರಿನಲ್ಲಿ, ಅಕ್ಕಪಕ್ಕದ ರೈಸ್‌ವೈಕ್, ಜೂಟರ್‌ಮೇರ್, ಡೆಲ್ಫ್ಟ್‌ಗಳಲ್ಲಿ ನೆಲೆಸಿರುವ ಕನ್ನಡದವರು ಕೆಲಸಕ್ಕೆ ಹೊರಡುವುದೂ ಕತ್ತಲಲ್ಲಿ, ಮರಳುವುದೂ ಕತ್ತಲಲ್ಲಿ. ಬೇಸಿಗೆಯಿಡೀ ಗಮನಕ್ಕೇ ಬಾರದಿದ್ದ ಹೆಡ್‌ಲೈಟು ಆಗ ನೆನಪಾಗುತ್ತದೆ. ಒಂದು ಕಡೆಯ ಬಲ್ಬು ಹೋಗಿರುತ್ತದೆ, ಇಲ್ಲವೇ ಎರಡೂ ಮಂಕಾದಂತೆ ಅನ್ನಿಸುತ್ತದೆ.

ಅಂಗಡಿಗೆ ಹೋದರೆ ಒಂದೇ ಎಚ್7 ಬಲ್ಬಿಗೆ ಆರೇಳು ಬಗೆಯ ಡಬ್ಬಿಗಳು. ಒಂದರ ಮೇಲೆ 3200 ಕೆಲ್ವಿನ್, ಇನ್ನೊಂದರ ಮೇಲೆ 4200, ಮತ್ತೊಂದರ ಮೇಲೆ 5000. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ, ಡಬ್ಬಿಯ ನೀಲಿ ಹೊಳಪೂ ಏರುತ್ತದೆ. ದೊಡ್ಡ ಅಂಕಿ ಎಂದರೆ ಹೆಚ್ಚು ಬೆಳಕು ಎಂದುಕೊಂಡು 5000ದ್ದನ್ನೇ ಕೊಳ್ಳುವವರು ಬಹಳ. ಇದು ದುಬಾರಿ ತಪ್ಪು, ಅಪಾಯದ್ದು ಕೂಡ. ಕೆಲ್ವಿನ್ ಹೇಳುವುದು ಬೆಳಕಿನ ಬಣ್ಣವನ್ನು. ಬೆಳಕಿನ ಪ್ರಮಾಣ ಹೇಳುವುದು ಲ್ಯೂಮೆನ್. ಹ್ಯಾಲೊಜನ್ ಬಲ್ಬಿನ ಮಟ್ಟಿಗಂತೂ ಕೆಲ್ವಿನ್ ಒಂದು ಹಂತ ದಾಟಿ ಏರಿತೆಂದರೆ ರಸ್ತೆಗೆ ಬೀಳುವ ಬೆಳಕು ಇಳಿಯಿತೆಂದೇ ಅರ್ಥ.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಬಣ್ಣದ ತಾಪಮಾನ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲು ಕಡುಗೆಂಪು, ಆಮೇಲೆ ಕಿತ್ತಳೆ, ಇನ್ನೂ ಕಾದರೆ ಹಳದಿ, ಕಡೆಗೆ ಬಿಳಿ. ಯಾವ ಬಿಸಿಗೆ ಯಾವ ಬಣ್ಣ ಎಂಬ ಆ ನಂಟನ್ನೇ ಅಂಕಿಯಲ್ಲಿ ಹೇಳಿದರೆ ಕೆಲ್ವಿನ್. ವಿಜ್ಞಾನಿ ವಿಲಿಯಂ ಥಾಮ್ಸನ್, ಅಂದರೆ ಲಾರ್ಡ್ ಕೆಲ್ವಿನ್, ಅವರ ಹೆಸರಿನ ಈ ಅಳತೆಯಲ್ಲಿ ಸೆಲ್ಸಿಯಸ್‌ಗೆ 273 ಕೂಡಿಸಿದರೆ ಆಯಿತು. ಮೇಣದ ಬತ್ತಿಯದು ಸುಮಾರು 1900 ಕೆಲ್ವಿನ್, ಮನೆಯ ಹಳದಿ ಬಲ್ಬಿನದು 2700, ಕಾರಿನ ಮಾಮೂಲಿ ಹ್ಯಾಲೊಜನ್ನಿನದು 3200ರ ಆಸುಪಾಸು. ಕಾರ್ಖಾನೆಯಿಂದಲೇ ಬರುವ ಝೆನಾನ್ ದೀಪಕ್ಕೆ 4200ರಿಂದ 4300, ನಡುಹಗಲ ಬಿಸಿಲಿಗೆ 5500, ಮೋಡ ಕವಿದ ಆಕಾಶಕ್ಕೆ 6500 ಇಲ್ಲವೇ ಅದಕ್ಕೂ ಹೆಚ್ಚು.

ಇಲ್ಲಿ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಂಡರೆ ಅಂಗಡಿಯವರ ಅರ್ಧದಷ್ಟು ಮಾತಿಗೆ ಮರುಳಾಗುವುದು ತಪ್ಪುತ್ತದೆ. ಹ್ಯಾಲೊಜನ್ ಬಲ್ಬಿನೊಳಗೆ ಉರಿಯುವುದು ಟಂಗ್‌ಸ್ಟನ್ ಫಿಲಮೆಂಟು. ಟಂಗ್‌ಸ್ಟನ್ ಕರಗುವುದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 3695 ಕೆಲ್ವಿನ್‌ನಲ್ಲಿ. ಲೋಹಗಳಲ್ಲೆಲ್ಲ ಅತಿ ಹೆಚ್ಚು ಬಿಸಿ ತಡೆಯುವುದು ಇದೇ. ಬಲ್ಬಿನಲ್ಲಿ ತುಂಬಿದ ಅಯೋಡಿನ್ ಅಥವಾ ಬ್ರೋಮಿನ್, ಆವಿಯಾಗಿ ಹೋದ ಟಂಗ್‌ಸ್ಟನ್ನನ್ನು ಮತ್ತೆ ಫಿಲಮೆಂಟಿಗೇ ತಂದು ಸೇರಿಸುತ್ತದೆ. ಹಾಗಾಗಿ ಹಳೆಯ ಬಲ್ಬುಗಳಿಗಿಂತ ಹೆಚ್ಚು ಕಾಯಿಸಿದರೂ ಗಾಜು ಕಪ್ಪಾಗುವುದಿಲ್ಲ, ಫಿಲಮೆಂಟು ಬೇಗ ಸವೆಯುವುದಿಲ್ಲ. ಆದರೂ ಕರಗುವ ಬಿಂದುವನ್ನು ಯಾವ ಕಂಪನಿಯೂ ದಾಟಲಾರದು. ಹಾಗಿದ್ದ ಮೇಲೆ 5000 ಕೆಲ್ವಿನ್ ಹ್ಯಾಲೊಜನ್ ಎಲ್ಲಿಂದ ಬಂತು? ಗಾಜಿನ ಮೇಲಿನ ನೀಲಿ ಲೇಪದಿಂದ. ಆ ಲೇಪ ಹಳದಿ, ಕೆಂಪು ಭಾಗವನ್ನು ತಡೆದು ಉಳಿದದ್ದನ್ನು ಹೊರಗೆ ಬಿಡುತ್ತದೆ. ನೀಲಿಯನ್ನು ಹೊಸದಾಗಿ ಅದು ಹುಟ್ಟಿಸುವುದಿಲ್ಲ, ಇದ್ದ ಬೆಳಕಿನಲ್ಲೇ ಒಂದಷ್ಟನ್ನು ಕಳೆಯುತ್ತದೆ. ಹ್ಯಾಲೊಜನ್ ಬೆಳಕಿನಲ್ಲಿ ಹೆಚ್ಚಿನ ಪಾಲು ಹಳದಿ, ಕೆಂಪೇ ಆದ್ದರಿಂದ ಕಳೆಯುವುದೂ ಹೆಚ್ಚು.

ಬೆಳಕಿನ ಪ್ರಮಾಣಕ್ಕೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 37ನೇ ನಿಯಮಾವಳಿ ಕಟ್ಟುಪಾಡು ಹಾಕಿದೆ. 55 ವ್ಯಾಟಿನ ಎಚ್7 ಬಲ್ಬು 13.2 ವೋಲ್ಟಿನಲ್ಲಿ 1500 ಲ್ಯೂಮೆನ್ ಕೊಡಬೇಕು. ಶೇ 10ರಷ್ಟು ಆಚೀಚೆ ಆಗಬಹುದು. ಎರಡು ಫಿಲಮೆಂಟಿನ ಎಚ್4ಗೆ ಹೈ ಬೀಮಿನಲ್ಲಿ 1650, ಲೋ ಬೀಮಿನಲ್ಲಿ 1000. ಅಂದರೆ ಅನುಮೋದನೆ ಪಡೆದ ಎಚ್7 ಬಲ್ಬು ಯಾವುದೇ ಕಂಪನಿಯದಾಗಿರಲಿ, 1350ರಿಂದ 1650 ಲ್ಯೂಮೆನ್ನಿನ ಒಳಗೇ ಇರಬೇಕು. ಹಾಗಾದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಶೇ 150ರಷ್ಟು ಹೆಚ್ಚು ಪ್ರಕಾಶ’ ಎಂಬ ಮಾತಿಗೆ ಅರ್ಥವೇನು? ಪಕ್ಕದ ಸಣ್ಣ ಅಕ್ಷರ ಓದಿ: ಕಾನೂನು ಕೇಳುವ ಕನಿಷ್ಠ ಮಟ್ಟಕ್ಕೆ ಹೋಲಿಸಿದ ಲೆಕ್ಕ ಅದು, ರಸ್ತೆಯ ಮೇಲಿನ ಕೆಲವೇ ಬಿಂದುಗಳಲ್ಲಿ ಅಳೆದದ್ದು. ಒಟ್ಟು ಬೆಳಕು ಎರಡೂವರೆ ಪಟ್ಟು ಆಗಿರುವುದಿಲ್ಲ.

ಹಾಗೆಂದು ಆ ದುಬಾರಿ ಬಲ್ಬುಗಳು ಮೋಸವೂ ಅಲ್ಲ. ಅವುಗಳಲ್ಲಿ ಫಿಲಮೆಂಟನ್ನು ಇನ್ನಷ್ಟು ಬಿಗಿಯಾಗಿ, ನಿಖರವಾಗಿ ಸುತ್ತಿರುತ್ತಾರೆ, ಹೆಚ್ಚು ಕಾಯಿಸುತ್ತಾರೆ. ಬೆಳಕಿನ ಮೂಲ ಚಿಕ್ಕದಾದಷ್ಟೂ ರಿಫ್ಲೆಕ್ಟರು ಅದನ್ನು ಚೊಕ್ಕವಾಗಿ ದೂರಕ್ಕೆ ಕಳಿಸುತ್ತದೆ. ಇಂಥವುಗಳ ಬಣ್ಣ 3400ರಿಂದ 3700 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲುತ್ತದೆ. ತೆರಬೇಕಾದ ಬೆಲೆ ಆಯುಷ್ಯದಲ್ಲಿ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜು ಶೇ 5ರಷ್ಟು ಏರಿದರೆ ಸಾಕು, ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಲ್ಬಿನ ಮಾಹಿತಿ ಪತ್ರದಲ್ಲಿ ‘ಬಿ3’, ‘ಟಿಸಿ’ ಎಂದು ಗಂಟೆಗಳ ಎರಡು ಲೆಕ್ಕ ಇರುತ್ತದೆ. ನೂರರಲ್ಲಿ ಮೂರು ಬಲ್ಬು ಸುಟ್ಟುಹೋಗುವ ಹೊತ್ತು ಮೊದಲನೆಯದು, ಸುಮಾರು ಅರವತ್ತಮೂರು ಸುಟ್ಟುಹೋಗುವ ಹೊತ್ತು ಎರಡನೆಯದು. ಕೊಳ್ಳುವ ಮುಂಚೆ ಕೆಲ್ವಿನ್ನಿಗಿಂತ ಮೊದಲು ಈ ಎರಡನ್ನು ನೋಡಿ ಎನ್ನುತ್ತೇನೆ.

4000 ದಾಟಿದ ಹ್ಯಾಲೊಜನ್ನಿನ ಕಷ್ಟ ಈಗ ಸ್ಪಷ್ಟ. ಲೇಪದಲ್ಲಿ ಬೆಳಕು ಸೋರುತ್ತದೆ. ಆದರೂ ಕಾನೂನಿನ ಕೆಳಮಿತಿ ಮುಟ್ಟಬೇಕಾದ್ದರಿಂದ ಫಿಲಮೆಂಟನ್ನು ಇನ್ನಷ್ಟು ದುಡಿಸಬೇಕು. ಹಾಗಾಗಿ ಬೆಳಕೂ ಕೆಳಮಿತಿಯ ಹತ್ತಿರ, ಆಯುಷ್ಯವೂ ಕಡಿಮೆ. 5000 ಎಂದು ಬರೆದುಕೊಂಡ ಹ್ಯಾಲೊಜನ್ನುಗಳಲ್ಲಿ ಬಹಳಷ್ಟಕ್ಕೆ ಅನುಮೋದನೆಯೇ ಇರುವುದಿಲ್ಲ.

ಕಣ್ಣು, ಮಳೆ, ಮಂಜು

ಬಿಳಿಯ ಬೆಳಕು ಹೆಚ್ಚು ಪ್ರಕಾಶವಾಗಿ ಕಾಣುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಗಲಿನಲ್ಲಿ ನಮ್ಮ ಕಣ್ಣಿಗೆ ಅತಿ ಚೆನ್ನಾಗಿ ಕಾಣುವುದು 555 ನ್ಯಾನೊಮೀಟರಿನ ಹಳದಿ ಬೆರೆತ ಹಸಿರು. ಕತ್ತಲಿಗೆ ಹೊಂದಿಕೊಂಡ ಕಣ್ಣಿನಲ್ಲಿ ಅದು 507ಕ್ಕೆ, ಅಂದರೆ ನೀಲಿಯ ಕಡೆಗೆ, ಸರಿಯುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ 1819ರಲ್ಲಿ ಗುರುತಿಸಿದ ವಿಷಯ ಇದು. ಹೆಡ್‌ಲೈಟ್ ಬೆಳಕಿನಲ್ಲಿ ಓಡಿಸುವಾಗ ಕಣ್ಣು ಇವೆರಡರ ನಡುವೆ ಇರುತ್ತದೆ. ಆದ್ದರಿಂದ ರಸ್ತೆಯ ಅಂಚಿನಲ್ಲಿ ಏನೋ ಅಲುಗಿದ್ದನ್ನು ಗುರುತಿಸಲು ತುಸು ಬಿಳಿ ಬೆಳಕು ಅನುಕೂಲವೇ. ಆದರೆ ಅದೇ ನೀಲಿ ಭಾಗ ಎದುರಿನವರ ಕಣ್ಣನ್ನು ಹೆಚ್ಚು ಕುಕ್ಕುತ್ತದೆ. ಕಣ್ಣಿನ ಪೊರೆ ಬೆಳೆಯುತ್ತಿರುವವರಲ್ಲಂತೂ ಬೆಳಕು ಕಣ್ಣಿನೊಳಗೇ ಚದುರಿ ನೋಟವೆಲ್ಲ ಮಸುಕಾಗಿಬಿಡುತ್ತದೆ. ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದ ತಂದೆ ತಾಯಿಯರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ರಾತ್ರಿ ಓಡಿಸಿದವರಿಗೆ ಗೊತ್ತು: ಎದುರು ಕಾರಿನ ನೀಲಿ ಛಾಯೆಯ ದೀಪ ಕಂಡರೆ ಅವರು ಮುಖವನ್ನೇ ತಿರುಗಿಸುತ್ತಾರೆ. ಅಂಥ ಕಣ್ಣಿನವರು ನಮ್ಮ ಎದುರಿಗೂ ಕಾರು ಓಡಿಸಿಕೊಂಡು ಬರುತ್ತಿರುತ್ತಾರೆ.

ಇನ್ನು ಮಳೆ. ಇಲ್ಲಿನ ಚಳಿಗಾಲದಲ್ಲಿ ರಸ್ತೆ ಒಣಗಿರುವ ಸಂಜೆಗಳು ಕಡಿಮೆ. ಮೋಟಾರುದಾರಿಗಳಲ್ಲಿ ನೀರು ಇಂಗಿಸಿಕೊಳ್ಳುವ ರಂಧ್ರಮಯ ಡಾಂಬರು ಹಾಸಿರುವುದರಿಂದ ಎ12, ಎ4 ಹೆದ್ದಾರಿಗಳಲ್ಲಿ ಚಿಮ್ಮುವ ನೀರಿನ ಕಾಟ ಅಷ್ಟಿಲ್ಲ. ಊರೊಳಗಿನ ಮಾಮೂಲಿ ಡಾಂಬರು, ಇಟ್ಟಿಗೆ ಹಾಸಿನ ಬೀದಿಗಳ ಕಥೆ ಬೇರೆ. ಒದ್ದೆ ರಸ್ತೆಯ ಮೇಲೆ ನಮ್ಮ ಬೆಳಕಿನ ಬಹುಪಾಲು ಮುಂದಕ್ಕೆ ಜಾರಿ ಎದುರಿನವರ ಕಣ್ಣಿಗೆ ಹೋಗುತ್ತದೆ. ನಮ್ಮ ಕಡೆಗೆ ಮರಳುವುದು ಸ್ವಲ್ಪವೇ. ಬಿಳಿಯ ಪಟ್ಟೆಗೂ ಒದ್ದೆ ಡಾಂಬರಿನ ಹೊಳಪಿಗೂ ವ್ಯತ್ಯಾಸ ತಿಳಿಯದಂತಾಗುತ್ತದೆ. ಇಂಥ ಹೊತ್ತಿನಲ್ಲಿ ಹಳದಿ ಛಾಯೆಯ 3200ರ ದೀಪ ಕಣ್ಣಿಗೆ ಹಿತ ಎಂಬುದು ನನ್ನ ಅಭಿಪ್ರಾಯ. ಮಳೆಯಲ್ಲಿ ಓಡಿಸಿದ ಬಹಳ ಮಂದಿಯ ಅಭಿಪ್ರಾಯವೂ ಅದೇ.

ಮಂಜಿನ ವಿಷಯದಲ್ಲಿ ಮಾತ್ರ ಜನಪ್ರಿಯ ನಂಬಿಕೆಯೊಂದನ್ನು ತಿದ್ದಬೇಕು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುತ್ತಾರೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಿಸುವ ನಮ್ಮ ಕಡೆಯ ಚಾಲಕರೂ ಇದನ್ನೇ ಹೇಳುತ್ತಾರೆ. ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುವುದು ನಿಜ, ಆಕಾಶ ನೀಲಿಯಾಗಿರುವುದೇ ಅದರಿಂದ. ಆದರೆ ಮಂಜಿನ ಹನಿ ಹತ್ತಿಪ್ಪತ್ತು ಮೈಕ್ರಾನಿನಷ್ಟು ದಪ್ಪ. ಬೆಳಕಿನ ಅಲೆಯ ಉದ್ದ ಅರ್ಧ ಮೈಕ್ರಾನಿನ ಆಸುಪಾಸು. ಅಷ್ಟು ದೊಡ್ಡ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದುರಿಸುತ್ತದೆ. ಬೆಳಕು ಅಲೆ ಎಂದು 1690ರ ತನ್ನ ಗ್ರಂಥದಲ್ಲಿ ವಾದಿಸಿದ ಕ್ರಿಸ್ಟಿಯಾನ್ ಹೈಗನ್ಸ್ ಕೊನೆಗಾಲದಲ್ಲಿ ವಾಸವಿದ್ದ ಹೋಫ್‌ವೈಕ್ ಮನೆ ವೂರ್‌ಬರ್ಗಿನ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ, ಈಗ ಅದು ವಸ್ತುಸಂಗ್ರಹಾಲಯ. ಅವನಿಗೂ ಮುಂಚೆ, 1663ರಿಂದ ಕೆಲವು ವರ್ಷ, ತತ್ತ್ವಜ್ಞಾನಿ ಸ್ಪಿನೋಜಾ ಇದೇ ಊರಿನಲ್ಲಿ ಮಸೂರ ಉಜ್ಜಿಕೊಂಡು ಬಾಳಿದ್ದ. ಬೆಳಕಿನ ಬಗ್ಗೆ ಇಷ್ಟು ಯೋಚಿಸಿದ ಊರಿನಲ್ಲಿ ಈ ತಿದ್ದುಪಡಿ ಹೇಳಲು ನನಗೆ ವಿಶೇಷ ಖುಷಿ. ಹಳದಿ ಫಾಗ್ ಲ್ಯಾಂಪಿನ ನಿಜವಾದ ಅನುಕೂಲ ಎಂದರೆ ಕಣ್ಣಿಗೆ ಕಿರಿಕಿರಿ ಕೊಡುವ ನೀಲಿ ಭಾಗ ಅದರಲ್ಲಿ ಇಲ್ಲದಿರುವುದು. ಅದಕ್ಕಿಂತ ದೊಡ್ಡ ಅನುಕೂಲ ಅದು ಕೂರುವ ಜಾಗದ್ದು: ನೆಲಕ್ಕೆ ಹತ್ತಿರವಿದ್ದು, ಮಂಜಿನ ಗೋಡೆಯನ್ನು ಬೆಳಗುವ ಬದಲು ರಸ್ತೆಯನ್ನು ಬೆಳಗುತ್ತದೆ. ಹೆಡ್‌ಲೈಟಿನ ಬಣ್ಣ ಬದಲಿಸಿದರೆ ಮಂಜು ಸೋಲುವುದಿಲ್ಲ. ವೇಗ ಇಳಿಸಿ, ಲೋ ಬೀಮಿನಲ್ಲೇ ಇರಿ.

ಫ್ರಾನ್ಸಿನಲ್ಲಿ 1930ರ ದಶಕದ ಕೊನೆಯಿಂದ 1993ರ ವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು ಎಂಬುದು ಇಲ್ಲಿ ನೆನಪಾಗುತ್ತದೆ. ಯುರೋಪಿನ ನಿಯಮಗಳು ಒಂದಾದಾಗ ಅದು ಹೋಯಿತು. ನೆದರ್ಲೆಂಡ್ಸ್‌ನ ವಾಹನ ನಿಯಮ ಈಗಲೂ ಹೆಡ್‌ಲೈಟಿಗೆ ಬಿಳಿ ಅಥವಾ ಹಳದಿ ಎರಡನ್ನೂ ಒಪ್ಪುತ್ತದೆ. ಒಪ್ಪದಿರುವುದು ನೀಲಿಯನ್ನು.

ಯಾವ ರಸ್ತೆ, ಯಾರ ಎದುರು

ವೂರ್‌ಬರ್ಗಿನ ಒಳಗೆ ಓಡಿಸುವಾಗ ಬೀದಿದೀಪಗಳಿವೆ. ಹೆಡ್‌ಲೈಟು ನಮಗೆ ರಸ್ತೆ ತೋರಿಸುವುದಕ್ಕಿಂತ ಹೆಚ್ಚಾಗಿ ನಮ್ಮನ್ನು ಬೇರೆಯವರಿಗೆ ತೋರಿಸುತ್ತದೆ. ಇಲ್ಲಿ ಎದುರಿಗಿರುವವರು ಬಹುಪಾಲು ಸೈಕಲ್ಲಿನವರು. ಬೆಳಗ್ಗೆ ಎಂಟು ಗಂಟೆಯ ಕತ್ತಲಲ್ಲಿ ಮುಂದೆ ಮರದ ಪೆಟ್ಟಿಗೆಯಿರುವ ಸೈಕಲ್ಲುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಾಯಂದಿರು, ತಂದೆಯಂದಿರು ಶಾಲೆಯ ಕಡೆ ಹೋಗುತ್ತಿರುತ್ತಾರೆ. ಪೆಟ್ಟಿಗೆಯಲ್ಲಿ ಕೂತ ಮಗುವಿನ ಕಣ್ಣು ಇರುವುದು ಸರಿಸುಮಾರು ಕಾರಿನ ಹೆಡ್‌ಲೈಟಿನ ಎತ್ತರದಲ್ಲೇ. ನೀಲಿ ಛಾಯೆಯ, ಗುರಿ ತಪ್ಪಿದ ಬೆಳಕು ಮೊದಲು ಬಡಿಯುವುದು ಆ ಮಗುವಿನ ಮುಖಕ್ಕೆ. ಬಲ್ಬು ಆರಿಸುವಾಗ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಚಾರ ಇನ್ನೊಂದಿಲ್ಲ.

ಊರು ದಾಟಿ ಸ್ಟೊಂಪ್‌ವೈಕ್ ಕಡೆ ಹೋದರೆ ಚಿತ್ರ ಬದಲಾಗುತ್ತದೆ. ಅದೂ ಇದೇ ಲೈಡ್ಸೆಂಡಾಮ್-ವೂರ್‌ಬರ್ಗ್ ಪುರಸಭೆಗೆ ಸೇರಿದ ಹಳ್ಳಿ. ಆದರೆ ರಸ್ತೆ ಕಿರಿದು, ಪಕ್ಕದಲ್ಲೇ ನೀರಿನ ಕಾಲುವೆ, ಸುತ್ತ ಹುಲ್ಲುಗಾವಲಿನ ಕತ್ತಲು. ಇಲ್ಲಿ ನಿಜಕ್ಕೂ ದೂರ ಬೀಳುವ ಬೆಳಕು ಬೇಕು. ಕಂದು ಜಾಕೆಟ್ ತೊಟ್ಟು ನಡೆಯುತ್ತಿರುವವರನ್ನು, ರಸ್ತೆಗೆ ಬಿದ್ದ ಒಣ ಎಲೆಗಳ ರಾಶಿಯನ್ನು ಬೇರೆಬೇರೆಯಾಗಿ ಗುರುತಿಸಲು ಬೆಳಕಿನಲ್ಲಿ ಕೆಂಪು, ಹಳದಿ ಭಾಗವೂ ಇರಬೇಕು. ಹ್ಯಾಲೊಜನ್ನಿನಲ್ಲಿ ಎಲ್ಲ ಬಣ್ಣಗಳೂ ಬಿಡುವಿಲ್ಲದೆ ಹರಡಿರುತ್ತವೆ; ನೀಲಿ ಲೇಪದ ಬಲ್ಬು ಕಳೆಯುವುದು ಬೇಕಾದ ಆ ಭಾಗವನ್ನೇ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಊರೊಳಗೆ, ಹೇಗ್‌ಗೂ ಮನೆಗೂ ನಡುವೆ ಓಡಾಡುವವರು ದೀರ್ಘ ಬಾಳಿಕೆಯ ಮಾಮೂಲಿ ಬಲ್ಬು ಕೊಳ್ಳಿ, 3200 ಇಲ್ಲವೇ ಅದಕ್ಕಿಂತ ತುಸು ಕಡಿಮೆ ಕೆಲ್ವಿನ್ನಿನದು. ಹಗಲಲ್ಲೂ ಲೋ ಬೀಮ್ ಹಾಕಿಕೊಂಡೇ ಓಡುವ ಹಳೆಯ ಕಾರುಗಳಿಗೆ ಇದೇ ಸರಿ. ರಾತ್ರಿ ಹೆದ್ದಾರಿಯಲ್ಲಿ, ಹಳ್ಳಿರಸ್ತೆಯಲ್ಲಿ ಹೆಚ್ಚು ಓಡಿಸುವವರು 3400ರಿಂದ 3700ರ ಹೆಚ್ಚು ಪ್ರಕಾಶದ ಬಲ್ಬಿಗೆ ದುಡ್ಡು ಹಾಕಬಹುದು. ಇಲ್ಲಿನ ಬಹುತೇಕ ಹೆದ್ದಾರಿಗಳಲ್ಲಿ ಹಗಲು 100 ಕಿಲೋಮೀಟರ್ ಮಿತಿ, ಸಂಜೆ ಏಳರ ನಂತರ ಹಲವು ಕಡೆ 120, 130. ತಡರಾತ್ರಿ ದೀಪಕಂಬಗಳು ಆರಿರುವ ಜಾಗಗಳೂ ಇವೆ. ಬಿಳಿ ಬಣ್ಣವೇ ಇಷ್ಟ ಎನ್ನುವವರು, ಹಗಲು ದೀಪದ ಬಿಳಿ ಎಲ್‌ಇಡಿಗೆ ಹೆಡ್‌ಲೈಟು ಹೊಂದಿಕೆಯಾಗಲಿ ಎನ್ನುವವರು, ಅನುಮೋದನೆಯಿರುವ 4000–4200ರಲ್ಲಿ ನಿಲ್ಲಿಸಿ. ಅದಕ್ಕೂ ಮೇಲಿನ ಹ್ಯಾಲೊಜನ್ ಯಾರಿಗೂ ಬೇಡ. ಅರವತ್ತು ದಾಟಿದವರು ಓಡಿಸುವ ಕಾರಿಗೆ 3200ನ್ನೇ ಹಾಕಿ.

ಗಾಜಿನ ಬುಡದಲ್ಲಿ ಏನಿದೆ?

ಬಲ್ಬಿನ ಲೋಹದ ಬುಡದ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರಬೇಕು. ಇ1 ಎಂದರೆ ಜರ್ಮನಿ, ಇ2 ಫ್ರಾನ್ಸ್, ಇ3 ಇಟಲಿ, ಇ4 ನೆದರ್ಲೆಂಡ್ಸ್. ಬಲ್ಬು ಎಲ್ಲಿ ತಯಾರಾಯಿತು ಎಂಬುದನ್ನು ಈ ಅಂಕಿ ಹೇಳುವುದಿಲ್ಲ, ಯಾವ ದೇಶದ ಪ್ರಾಧಿಕಾರ ಪರೀಕ್ಷಿಸಿ ಒಪ್ಪಿತು ಎಂಬುದನ್ನು ಹೇಳುತ್ತದೆ. ಯಾವ ಅಂಕಿಯಿದ್ದರೂ ಇಲ್ಲಿ ನಡೆಯುತ್ತದೆ. ಇ4 ಕೊಡುವುದು ಆರ್‌ಡಿಡಬ್ಲ್ಯೂ ಎಂಬ ವಾಹನ ಪ್ರಾಧಿಕಾರ, ವೂರ್‌ಬರ್ಗಿನ ಪಕ್ಕದ ಜೂಟರ್‌ಮೇರ್‌ನಲ್ಲೇ ಅದರ ಕಚೇರಿಯಿದೆ. ಅಮೆರಿಕದ ಡಿಒಟಿ ಗುರುತು ಮಾತ್ರ ಇದ್ದರೆ ಸಾಲದು. ಹೆಡ್‌ಲೈಟಿನ ಮುಂಭಾಗ ಪ್ಲಾಸ್ಟಿಕ್ಕಿನದಾಗಿದ್ದರೆ, ಅಂದರೆ ಈಗಿನ ಎಲ್ಲ ಕಾರುಗಳಲ್ಲಿ, ಬಲ್ಬಿನ ಮೇಲೆ ಅತಿನೇರಳೆ ಕಿರಣ ತಡೆಯುವುದನ್ನು ಸೂಚಿಸುವ ಯು ಅಕ್ಷರವೂ ಇರಲಿ. ಇಲ್ಲದಿದ್ದರೆ ಪ್ಲಾಸ್ಟಿಕ್ಕು ಬೇಗ ಹಳದಿಯಾಗುತ್ತದೆ.

ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಲ್ಬು ತಂದುಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಎಚ್4, ಎಚ್7ಗಳ ಅಳತೆ ಎಲ್ಲ ಕಡೆ ಒಂದೇ. ಇ ಗುರುತಿದ್ದು 60/55 ಅಥವಾ 55 ವ್ಯಾಟಿನದಾಗಿದ್ದರೆ ತೊಂದರೆಯಿಲ್ಲ. 90/100 ವ್ಯಾಟಿನದು ಬೇಡವೇ ಬೇಡ. ಅದು ಹೋಲ್ಡರನ್ನು ಕರಗಿಸುತ್ತದೆ, ವೈರು ಸುಡುತ್ತದೆ, ರಿಫ್ಲೆಕ್ಟರಿನ ಹೊಳಪು ಕೆಡಿಸುತ್ತದೆ, ಎರಡೂ ದೇಶಗಳಲ್ಲಿ ಕಾನೂನಿಗೂ ವಿರುದ್ಧ. ಬಲ್ಬು ತಂದರೂ ಇಡೀ ಹೆಡ್‌ಲೈಟ್ ಯೂನಿಟ್ಟನ್ನು ಮಾತ್ರ ತರಬಾರದು. ನಮ್ಮಲ್ಲಿ ಎಡಬದಿಯ ಸಂಚಾರ, ಲೋ ಬೀಮು ಎಡಕ್ಕೆ ಮೇಲೇರುತ್ತದೆ. ಬಲಬದಿಯಲ್ಲಿ ಓಡಿಸುವ ಇಲ್ಲಿ ಅದು ನೇರ ಎದುರಿನವರ ಕಣ್ಣಿಗೆ ಬೀಳುತ್ತದೆ.

ಎಪಿಕೆ ಎಂಬ ಇಲ್ಲಿನ ಕಡ್ಡಾಯ ತಪಾಸಣೆಯಲ್ಲಿ ಹೆಡ್‌ಲೈಟಿನ ಬಣ್ಣ, ಎತ್ತರ ಎರಡನ್ನೂ ನೋಡುತ್ತಾರೆ. ಪೆಟ್ರೋಲ್ ಕಾರಿಗೆ ಮೊದಲ ತಪಾಸಣೆ ನಾಲ್ಕು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ, ಎಂಟು ತುಂಬಿದ ಮೇಲೆ ಪ್ರತಿ ವರ್ಷ. ಕನ್ನಡಿಗ ಕುಟುಂಬಗಳು ಇಲ್ಲಿಗೆ ಬಂದ ಹೊಸದರಲ್ಲಿ ಕೊಳ್ಳುವ ಹಳೆಯ ಚಿಕ್ಕ ಕಾರುಗಳು ಬಹುತೇಕ ಪ್ರತಿ ವರ್ಷದ ಸಾಲಿನವೇ. ನೀಲಿ ಬಲ್ಬು ಹಾಕಿಕೊಂಡು ಹೋದರೆ ಅಲ್ಲಿ ಅದನ್ನು ತೆಗೆಸಿ ಮಾಮೂಲಿ ಬಲ್ಬು ಹಾಕಿಸಿ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ. ಕರ್ನಾಟಕದಲ್ಲೂ ಈ ವಿಷಯ ಬಿಗಿಯಾಗಿದೆ: ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟ್ ಹಾಕಿಸಿಕೊಂಡವರ ಮೇಲೆ ಪ್ರಕರಣ ದಾಖಲಿಸಲು ರಾಜ್ಯದ ಪೊಲೀಸರು 2024ರ ಜುಲೈಯಲ್ಲಿ ಕಾರ್ಯಾಚರಣೆ ಶುರು ಮಾಡಿದರು.

ಝೆನಾನ್ ದೀಪವಿರುವ ಕಾರಿನವರಿಗೆ ನಿಯಮ ಇನ್ನೂ ಸರಳ. ಕಾರ್ಖಾನೆಯಿಂದ ಬಂದ 4200–4300ರದನ್ನೇ ಮತ್ತೆ ಹಾಕಿ. 35 ವ್ಯಾಟಿನ ಡಿ2ಎಸ್ ಬಲ್ಬು 3200 ಲ್ಯೂಮೆನ್ ಕೊಡುತ್ತದೆ, ಎಚ್7ಗಿಂತ ಎರಡು ಪಟ್ಟು. 6000ದ ಝೆನಾನ್ ಅದಕ್ಕಿಂತ ಕಡಿಮೆ ಕೊಡುತ್ತದೆ. ಝೆನಾನ್ ಹಳೆಯದಾದಂತೆ ಬಣ್ಣ ನೀಲಿ, ನಸುಗುಲಾಬಿಯ ಕಡೆ ಜಾರುತ್ತದೆ, ಆದ್ದರಿಂದ ಒಂದು ಹೋದರೆ ಎರಡನ್ನೂ ಬದಲಿಸಿ. ಹೊತ್ತಿಕೊಳ್ಳುವ ಕ್ಷಣದಲ್ಲಿ ಸಾವಿರಾರು ವೋಲ್ಟ್ ಹರಿಯುವುದರಿಂದ ಆ ಕೆಲಸ ಗ್ಯಾರೇಜಿನವರದು. ಹ್ಯಾಲೊಜನ್ ಹೆಡ್‌ಲೈಟಿಗೆ ಝೆನಾನ್ ಕಿಟ್ ಹಾಕುವುದು ಸರಿಯಲ್ಲ: 2000 ಲ್ಯೂಮೆನ್ ದಾಟಿದ ದೀಪಕ್ಕೆ ತಾನಾಗಿಯೇ ಎತ್ತರ ಹೊಂದಿಸಿಕೊಳ್ಳುವ ಏರ್ಪಾಡು, ಗಾಜು ತೊಳೆಯುವ ಏರ್ಪಾಡು ಎರಡನ್ನೂ ನಿಯಮ ಕೇಳುತ್ತದೆ.

ಹ್ಯಾಲೊಜನ್ ಜಾಗದಲ್ಲಿ ಕೂರುವ ಎಲ್‌ಇಡಿ ಬಲ್ಬುಗಳ ಬಗ್ಗೆ ಕೇಳುವವರು ಈಗ ಎಲ್ಲರಿಗಿಂತ ಹೆಚ್ಚು. ಅವು 6000 ಕೆಲ್ವಿನ್ ಆಸುಪಾಸಿನವು. ಬಣ್ಣವನ್ನು ಹುಟ್ಟಿನಿಂದಲೇ ಪಡೆದದ್ದು, ಲೇಪದಿಂದಲ್ಲ, ಹಾಗಾಗಿ ಬೆಳಕಿಗೆ ಕೊರತೆಯಿಲ್ಲ. ತೊಂದರೆ ಇರುವುದು ಬೆಳಕು ಹೊರಡುವ ಜಾಗದಲ್ಲಿ. ಹೆಡ್‌ಲೈಟಿನ ರಿಫ್ಲೆಕ್ಟರನ್ನು ಕೆಲವೇ ಮಿಲಿಮೀಟರ್ ಉದ್ದದ, ಸುತ್ತಲೂ ಬೆಳಗುವ ಒಂದು ಫಿಲಮೆಂಟಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ಪುಗಳು ಚಪ್ಪಟೆ ಹಲಗೆಯ ಎರಡು ಬದಿಯಲ್ಲಿರುತ್ತವೆ. ಕೂರಿಸಿದ ಕೋನ ಸ್ವಲ್ಪ ತಪ್ಪಿದರೂ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಇದನ್ನು ಸರಿಯಾಗಿ ಮಾಡಿದವರೂ ಇದ್ದಾರೆ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ, ಪಟ್ಟಿಯಲ್ಲಿರುವ ಕಾರಿನ ಮಾದರಿಗಳಿಗೆ ಮಾತ್ರ, ಅನುಮತಿ ಸಿಕ್ಕಿದೆ. ನಿಮ್ಮ ಕಾರಿನ ಮಾದರಿ, ತಯಾರಾದ ವರ್ಷ, ಹೆಡ್‌ಲೈಟಿನ ಅನುಮೋದನೆ ಸಂಖ್ಯೆ ಮೂರೂ ಅಂಥ ಪಟ್ಟಿಗೆ ಹೊಂದುತ್ತವೆಯೇ ನೋಡಿ, ಎಪಿಕೆ ಮಾಡುವ ಗ್ಯಾರೇಜಿನಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ. ಹೆಸರಿಲ್ಲದ ಕಂಪನಿಯ, 20,000 ಲ್ಯೂಮೆನ್ ಎಂದು ಬರೆದುಕೊಂಡ ಆನ್‌ಲೈನ್ ಜೋಡಿಯನ್ನು ದಯವಿಟ್ಟು ಕೊಳ್ಳಬೇಡಿ. ಎಲ್‌ಇಡಿಯ ಮುಂಭಾಗ ಬಿಸಿಯಾಗದ ಕಾರಣ ಹಿಮ ಬಿದ್ದಾಗ ಗಾಜಿನ ಮೇಲೆ ಅದು ಕರಗದೆ ಕೂರುತ್ತದೆ ಎಂಬುದೂ ನೆನಪಿರಲಿ.

ಕೊಳ್ಳುವ ಮೊದಲು, ಕೂರಿಸುವಾಗ

ಹೊಸ ಬಲ್ಬು ಕೊಂಡರೂ ಬೆಳಕು ಹೆಚ್ಚಲಿಲ್ಲ ಎಂಬ ದೂರಿಗೆ ಕಾರಣ ಎಷ್ಟೋ ಸಲ ಬಲ್ಬಲ್ಲ. ಹತ್ತು ವರ್ಷದ ಕಾರಿನ ಪಾಲಿಕಾರ್ಬೊನೇಟ್ ಮುಂಭಾಗ ಬಿಸಿಲಿಗೆ ಹಳದಿಯಾಗಿ, ಮರಳು ತಾಗಿ ಮಬ್ಬಾಗಿರುತ್ತದೆ. 1000, 2000, 3000 ನಂಬರಿನ ನೀರುಕಾಗದದಲ್ಲಿ ಒಂದಾದ ಮೇಲೆ ಒಂದರಂತೆ ಉಜ್ಜಿ, ಪಾಲಿಶ್ ಮಾಡಿ, ಅತಿನೇರಳೆ ಕಿರಣ ತಡೆಯುವ ಲೇಪ ಬಳಿದರೆ ಯಾವ ದುಬಾರಿ ಬಲ್ಬಿಗಿಂತಲೂ ಹೆಚ್ಚು ಬೆಳಕು ಮರಳಿ ಸಿಗುತ್ತದೆ. ಆ ಕೊನೆಯ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಇನ್ನೊಂದು ಕಾರಣ ವೋಲ್ಟೇಜು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು, ಸದಾ ಇರುವ ತೇವ ಸೇರಿ ಕನೆಕ್ಟರು, ಅರ್ಥ್ ವೈರಿನ ತುದಿ ತುಕ್ಕು ಹಿಡಿಯುತ್ತವೆ. ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗ ಬಲ್ಬಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ: 13 ವೋಲ್ಟಿನ ಮೇಲಿದ್ದರೆ ಸರಿ. ಶೇ 5ರಷ್ಟು ವೋಲ್ಟೇಜ್ ಸೋರಿದರೆ ಬೆಳಕು ಶೇ 16ರಷ್ಟು ಇಳಿಯುತ್ತದೆ, ಬಣ್ಣವೂ ಹಳದಿಗೆ ತಿರುಗುತ್ತದೆ. ಹಳದಿ ಕಂಡ ಕೂಡಲೇ ಬಿಳಿ ಬಲ್ಬು ಹುಡುಕುವ ಬದಲು ಅರ್ಥ್ ವೈರಿನ ತುದಿಯನ್ನು ಉಜ್ಜಿ ಚೊಕ್ಕ ಮಾಡಿ ನೋಡುವುದು ಮೇಲು.

ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ, ಬೇರೆಬೇರೆ ಕೆಲ್ವಿನ್ನಿನ ಎರಡು ಬಲ್ಬು ಒಂದೇ ಕಾರಿನಲ್ಲಿ ಇರಕೂಡದು. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಅತಿಯಾಗಿ ಕಾದು ಗಾಜು ಸೀಳಬಹುದು. ಮುಟ್ಟಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿ. ಎಚ್7ನ ತಂತಿ ಕ್ಲಿಪ್ಪು ಸರಿಯಾಗಿ ಕೂತಿದೆಯೇ, ಎಚ್4ನ ಮೂರು ಕಿವಿಗಳು ತಮ್ಮ ತೂತಿನಲ್ಲೇ ಇವೆಯೇ ಎಂದು ಎರಡೆರಡು ಸಲ ನೋಡಿ. ಓರೆ ಕೂತ 3200ರ ಬಲ್ಬು ನೆಟ್ಟಗೆ ಕೂತ 4200ರದಕ್ಕಿಂತ ಹೆಚ್ಚು ಕಣ್ಣು ಕುಕ್ಕುತ್ತದೆ. ಹಿಂದಿನ ರಬ್ಬರ್ ಮುಚ್ಚಳ ಮರೆತರೆ ಮೊದಲ ಮಳೆಗೇ ಒಳಗೆ ನೀರಾಡುತ್ತದೆ.

ಆಮೇಲೆ ಎತ್ತರ. ಹೆಡ್‌ಲೈಟಿನ ಮೇಲೆ ಅಥವಾ ಬಾನೆಟ್ಟಿನ ಒಳಗಿನ ಚೀಟಿಯಲ್ಲಿ 1.0% ಅಥವಾ 1.2% ಎಂದು ಬರೆದಿರುತ್ತದೆ. ಅಂದರೆ ಬೆಳಕಿನ ಮೇಲಂಚು ಹತ್ತು ಮೀಟರಿಗೆ 10 ಅಥವಾ 12 ಸೆಂಟಿಮೀಟರ್ ಇಳಿಯಬೇಕು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ, ಹೆಡ್‌ಲೈಟಿನ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ಬೆಳಕಿನ ಅಂಚು ಅದಕ್ಕಿಂತ ಅಷ್ಟು ಕೆಳಗಿದೆಯೇ ನೋಡಿ. ವ್ಯತ್ಯಾಸ ಕಂಡರೆ ಗ್ಯಾರೇಜಿನ ಯಂತ್ರದಲ್ಲಿ ಸರಿ ಮಾಡಿಸಿ. ಚಳಿಗಾಲದ ತಪಾಸಣೆಯ ಜೊತೆಗೇ ಇದನ್ನು ಮಾಡಿಸಿಕೊಳ್ಳಬಹುದು. ಡ್ಯಾಶ್‌ಬೋರ್ಡಿನಲ್ಲಿ 0ರಿಂದ 3ರ ವರೆಗೆ ಇರುವ ಸಣ್ಣ ಚಕ್ರವನ್ನು ಎಷ್ಟೋ ಜನ ಮುಟ್ಟಿಯೇ ಇರುವುದಿಲ್ಲ. ಊರಿಗೆ ಹೊರಟ ಕುಟುಂಬವನ್ನೂ ಸೂಟ್‌ಕೇಸುಗಳನ್ನೂ ತುಂಬಿಕೊಂಡು ಎ4ರಲ್ಲಿ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಹೋಗುವ ರಾತ್ರಿ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಆಗ ಚಕ್ರವನ್ನು 2 ಅಥವಾ 3ಕ್ಕೆ ತಿರುಗಿಸಿ. ಅವರನ್ನು ಇಳಿಸಿ ಒಬ್ಬರೇ ಹಿಂದಿರುಗುವಾಗ 0ಗೆ ತನ್ನಿ.

ತೆಗೆದ ಹಳೆಯ ಹ್ಯಾಲೊಜನ್ ಬಲ್ಬನ್ನು ಮನೆಯ ಮಾಮೂಲಿ ಕಸಕ್ಕೆ ಹಾಕಬಹುದು. ಎಲ್‌ಇಡಿಯನ್ನು ಅಂಗಡಿಗಳಲ್ಲಿರುವ ದೀಪಗಳ ಸಂಗ್ರಹ ಪೆಟ್ಟಿಗೆಗೆ ಹಾಕಿ. ಡಿ1, ಡಿ2 ಝೆನಾನುಗಳಲ್ಲಿ ಪಾದರಸವಿರುವುದರಿಂದ ಅವುಗಳನ್ನು ಒಡೆಯದಂತೆ ಡಬ್ಬಿಯಲ್ಲಿಟ್ಟು ಗ್ಯಾರೇಜಿಗೋ ಪುರಸಭೆಯ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕೊಡಿ.